ಹೃದಯದ ತೂತು ಮುಚ್ಚಿಸಿಕೊಂಡ ಮೇಲೆ ಕಣ್ಣೆದುರು ಮಿಂಚು ಆಡಿದರೆ: ಗಡಿಯಾರ ನೋಡಿ, ಒಂದೊಂದೇ ಕಣ್ಣು ಮುಚ್ಚಿ

ಕರಡು ತಿದ್ದುವುದು ನನ್ನ ಕೆಲಸ. ತೊಡೆಸಂದಿಯ ರಕ್ತನಾಳದಿಂದ ತೆಳ್ಳನೆಯ ನಳಿಕೆ ತೂರಿಸಿ ನನ್ನ ಹೃದಯದ ಮೇಲಿನ ಎರಡು ಕೋಣೆಗಳ ನಡುವಿದ್ದ ತೂತನ್ನು ಮುಚ್ಚಿ ಅಂದಿಗೆ ಒಂಬತ್ತು ದಿನ. ರಾತ್ರಿ ಊಟ ಮುಗಿಸಿ ಒಂದು ಪುಸ್ತಕದ ಎರಡನೇ ಪ್ರೂಫ್ ಹಿಡಿದು ಕೂತಿದ್ದೆ. ‘ವರ್ಷ’ ಎಂಬಲ್ಲಿ ಅರ್ಕಾವತ್ತು ಬಿಟ್ಟುಹೋಗಿತ್ತು. ಕೆಂಪು ಗುರುತು ಹಾಕಿದೆ. ಎರಡು ಸಾಲು ಕೆಳಗೆ ‘ಸೂರ್ಯ’ದಲ್ಲೂ ಅದೇ. ‘ಧರ್ಮ’ದಲ್ಲೂ ಅದೇ. ಅಕ್ಷರ ಜೋಡಿಸಿದವರ ಮೇಲೆ ಸಿಟ್ಟು ಬಂತು. ಒಂದೇ ಪುಟದಲ್ಲಿ ಐದು ಕಡೆ ಗುರುತು ಹಾಕಿದ ಮೇಲೆ ‘ವ’ದ ಬಲಕ್ಕೆ ಬೂದು ಬಣ್ಣದ ಏನೋ ಒಂದು ಮಿಣುಗುತ್ತಿರುವುದು ಗಮನಕ್ಕೆ ಬಂತು. ಕಣ್ಣು ಎತ್ತಲಾಡಿಸಿದರೂ ಅದು ಜೊತೆಗೇ ಬರುತ್ತಿತ್ತು. ಹತ್ತು ನಿಮಿಷದಲ್ಲಿ ಅದು ಗರಗಸದ ಹಲ್ಲಿನಂಥ ಅಂಚಿನ ಅರ್ಧ ಬಳೆಯಾಗಿ, ಬಿಸಿಲಿಗೆ ಹಿಡಿದ ಗಾಜಿನ ಚೂರಿನ ಹಾಗೆ ನಡುಗುತ್ತಾ ಬಲಗಡೆಗೆ ಹರಡಿತು.

ಮಾರನೆಯ ಬೆಳಿಗ್ಗೆ ನೋಡಿದರೆ ಐದೂ ಕಡೆ ಅರ್ಕಾವತ್ತು ಇದ್ದಲ್ಲೇ ಇತ್ತು.

ರಾತ್ರಿಯೇ ಆಸ್ಪತ್ರೆಯ ವಾರ್ಡಿಗೆ ಫೋನ್ ಮಾಡಿದ್ದೆ. ಎತ್ತಿಕೊಂಡವರು "ಆಪರೇಷನ್ ಆದಮೇಲೆ ಆತಂಕ ಸಹಜ, ನಿದ್ದೆ ಮಾಡಿ" ಅಂದರು. ನಾನೂ ಮಲಗಿಬಿಟ್ಟೆ. ನೀವು ಹಾಗೆ ಮಾಡಬೇಡಿ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ನನ್ನ ಪಾಲಿಗೆ ಅದು ಅಪಾಯದ್ದಾಗಿರಲಿಲ್ಲ, ನಿಜ. ಆದರೆ ಆ ಹೊತ್ತಿನಲ್ಲಿ ಅದು ಅಪಾಯದ್ದಲ್ಲ ಎಂದು ತಿಳಿಯಲು ನನಗಾಗಲಿ, ಫೋನಿನ ಆ ತುದಿಯಲ್ಲಿ ಇದ್ದವರಿಗಾಗಲಿ ದಾರಿಯೇ ಇರಲಿಲ್ಲ. ನಾನು ವೈದ್ಯೆಯಲ್ಲ. ಇಲ್ಲಿರುವುದು ಒಬ್ಬ ರೋಗಿ ಎಂಟು ತಿಂಗಳಲ್ಲಿ ಹದಿನಾಲ್ಕು ಬಾರಿ ಇದನ್ನು ಅನುಭವಿಸಿ, ತನ್ನ ಡಾಕ್ಟರುಗಳನ್ನು ಕಾಡಿ ಬೇಡಿ ಕೇಳಿ ಕಲಿತದ್ದು.

ಮೊದಲು: ಯಾವುದಕ್ಕೆ ಕಾಯಬಾರದು

ಒಂದು ಕಣ್ಣಿನ ಮೇಲೆ ಪರದೆ ಇಳಿದ ಹಾಗೆ ಥಟ್ಟನೆ ಕತ್ತಲಾದರೆ, ಎದುರಿಗಿರುವುದರಲ್ಲಿ ಅರ್ಧ ಭಾಗ ಇದ್ದಕ್ಕಿದ್ದಂತೆ ಕಾಣದೇ ಹೋದರೆ, ಒಂದು ವಸ್ತು ಎರಡಾಗಿ ಕಂಡರೆ, ದೃಷ್ಟಿಯ ತೊಂದರೆಯ ಜೊತೆಗೆ ಬಾಯಿ ಸೊಟ್ಟಗಾಗುವುದು, ಒಂದು ಕೈಯೋ ಕಾಲೋ ಸೋಲುವುದು, ಮಾತು ತೊದಲುವುದು, ತೂರಾಡುವುದು ಇದ್ದರೆ, ಮುಂದಿನದನ್ನು ಓದುತ್ತಾ ಕೂರಬೇಡಿ. ಆಂಬುಲೆನ್ಸ್ ಕರೆಸಿ. ಐದೇ ನಿಮಿಷದಲ್ಲಿ ಎಲ್ಲ ಸರಿಹೋಯಿತು ಅಂದರೂ ಹೋಗಲೇಬೇಕು. ಕ್ಷಣಕಾಲ ಬಂದು ಹೋಗುವ ಲಕ್ವ ಎಂದು ಕರೆಯುವ ಟಿಐಎ ಹಾಗೇ ವರ್ತಿಸುತ್ತದೆ. ಅದರ ಹಿಂದೆಯೇ ದೊಡ್ಡದು ಬರುವ ಸಾಧ್ಯತೆ ಮೊದಲ ಒಂದೆರಡು ದಿನಗಳಲ್ಲೇ ಹೆಚ್ಚು.

ತೂತು ಮುಚ್ಚಲೆಂದು ಹೃದಯಕ್ಕೆ ಹೊಸದಾಗಿ ಲೋಹದ ಜಾಲರಿಯ ತಟ್ಟೆಗಳಿರುವ ಸಾಧನ ಕೂರಿಸಿದವರಿಗೆ ಇದು ಯಾಕೆ ಇಷ್ಟು ಮುಖ್ಯ? ಆ ಸಾಧನದ ಮೇಲೆ ನಮ್ಮದೇ ಜೀವಕೋಶಗಳ ಪದರ ಬೆಳೆದು ಅದನ್ನು ಮುಚ್ಚುವುದಕ್ಕೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಅಲ್ಲಿಯವರೆಗೆ ಬರಿಯ ಲೋಹದ ಜಾಲರಿಯ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಎಡ ಕೋಣೆಯ ಕಡೆ ಮುಖ ಮಾಡಿದ ತಟ್ಟೆಯಿಂದ ಒಂದು ಚೂರು ಕಿತ್ತುಬಂದರೆ ಅದರ ದಾರಿ ನೇರ ಮೇಲಕ್ಕೆ, ಮಿದುಳಿಗೋ ಕಣ್ಣಿಗೋ. ಆಸ್ಪಿರಿನ್ ಮಾತ್ರೆ ತಪ್ಪಿಸಬೇಡಿ ಎಂದು ಅಷ್ಟು ಒತ್ತಿ ಹೇಳುವುದು ಇದಕ್ಕೇ. ಸಾಧನ ಕೂರಿಸಿದ ಮೊದಲ ವಾರಗಳಲ್ಲಿ ಕೆಲವರಿಗೆ ಹೃದಯದ ಬಡಿತ ತಾಳ ತಪ್ಪುವುದೂ ಉಂಟು. ಏಟ್ರಿಯಲ್ ಫಿಬ್ರಿಲೇಷನ್ ಎನ್ನುವ ಆ ಲಯ ತಪ್ಪುವಿಕೆಯೂ ಹೆಪ್ಪಿಗೆ ದಾರಿ ಮಾಡಿಕೊಡುತ್ತದೆ.

ಲಕ್ವದಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದಾದರೆ ಸಾಮಾನ್ಯವಾಗಿ ತೊಂದರೆ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹಾಗಾಗಿ ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆ "ಎಷ್ಟು ಹೊತ್ತಿಗೆ ಶುರುವಾಯಿತು?" ಎಂಬುದು. ನೀವು ಮೊದಲು ನೋಡಬೇಕಾದದ್ದು ಗಡಿಯಾರವನ್ನು ಎನ್ನಲು ಇದೇ ಮೊದಲ ಕಾರಣ.

ಇನ್ನೊಂದು ಮಾತು. ಮಿಂಚು, ಅಂಕುಡೊಂಕು ಗೆರೆ ಇಂಥವು ನಿಮಗೆ ಜೀವನದಲ್ಲಿ ಮೊದಲ ಸಲ ಬಂದಿದ್ದು, ಅದೂ ಹೃದಯದ ಚಿಕಿತ್ಸೆಯ ನಂತರ ಅಂತಾದರೆ, ಆ ಮೊದಲ ಸಲವನ್ನು ತುರ್ತು ಎಂದೇ ಎಣಿಸಿ, ಅದೇ ದಿನ ತೋರಿಸಿ. ಎರಡನೆಯದನ್ನು, ಮೂರನೆಯದನ್ನು ಮನೆಯಲ್ಲಿ ಕೂತು ನೋಡಬಹುದೋ ಇಲ್ಲವೋ ಎಂಬುದನ್ನು ಡಾಕ್ಟರು ಹೇಳಲಿ.

ಶುರುವಾದಾಗ ಏನು ಮಾಡಬೇಕು

ಕೂತುಕೊಳ್ಳಿ. ವಾಹನ ಓಡಿಸುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ. ಒಲೆ ಉರಿಯುತ್ತಿದ್ದರೆ ಆರಿಸಿ. ಗಂಟೆ ಎಷ್ಟು ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ಜೋರಾಗಿ ಹೇಳಿಕೊಂಡರೆ ನೆನಪಿರುತ್ತದೆ, ಮಾತು ಸರಿಯಾಗಿ ಹೊರಡುತ್ತಿದೆಯೇ ಎಂಬುದೂ ಅದರಲ್ಲೇ ಗೊತ್ತಾಗುತ್ತದೆ. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಕಣ್ಣು ಮುಚ್ಚಿ ಹತ್ತು ಎಣಿಸಿ. ಒಂದು ಕೈ ತಾನಾಗಿ ಇಳಿದರೆ ಅದು ಮೇಲೆ ಹೇಳಿದ ತುರ್ತಿನ ಪಟ್ಟಿಗೆ ಸೇರಿತು.

ಆಮೇಲೆ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ನೋಡಿ. ಬಿಟ್ಟು, ಇನ್ನೊಂದನ್ನು ಮುಚ್ಚಿ ನೋಡಿ. ಕೊನೆಗೆ ಎರಡನ್ನೂ ಮುಚ್ಚಿ ನೋಡಿ. ಇಷ್ಟಕ್ಕೆ ಅರ್ಧ ನಿಮಿಷವೂ ಬೇಡ. ಆದರೆ ಈ ಅರ್ಧ ನಿಮಿಷ ಕೊಡುವ ಮಾಹಿತಿಯನ್ನು ಆಮೇಲೆ ಯಾವ ಸ್ಕ್ಯಾನೂ ಕೊಡುವುದಿಲ್ಲ, ಏಕೆಂದರೆ ಸ್ಕ್ಯಾನ್ ಆಗುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಮೊದಲೆರಡು ಸಲ ನಾನು "ಬಲಗಣ್ಣಿನಲ್ಲಿ ಮಿಂಚು" ಎಂದೇ ಹೇಳುತ್ತಿದ್ದೆ. ಮೂರನೆಯ ಸಲ ಬಲಗಣ್ಣು ಮುಚ್ಚಿ ನೋಡಿದರೆ ಅದು ಹಾಗೇ ಇತ್ತು! ಎಡಗಣ್ಣಿನಲ್ಲೂ ಬಲಭಾಗದಲ್ಲೇ ಇತ್ತು. ಎರಡನ್ನೂ ಮುಚ್ಚಿದರೂ ಕತ್ತಲಲ್ಲಿ ಅದೇ ಗರಗಸ ನಡುಗುತ್ತಿತ್ತು. ಅಂದರೆ ತೊಂದರೆ ಇದ್ದದ್ದು ಕಣ್ಣಿನಲ್ಲಲ್ಲ, ಮಿದುಳಿನ ಹಿಂಭಾಗದಲ್ಲಿ. ನಮ್ಮ ನೋಟದ ಬಲ ಅರ್ಧವನ್ನು, ಎರಡೂ ಕಣ್ಣುಗಳಿಂದ ಬಂದದ್ದನ್ನು ಒಟ್ಟಿಗೆ ಸೇರಿಸಿ, ಎಡ ಮಿದುಳು ನೋಡುತ್ತದೆ. ಎಡ ಅರ್ಧವನ್ನು ಬಲ ಮಿದುಳು ನೋಡುತ್ತದೆ. ನೋಟದ ಬಲ ಅರ್ಧ ಕೆಟ್ಟರೆ ನಮಗೆ ಬಲಗಣ್ಣು ಕೆಟ್ಟಿತೆಂದೇ ಅನ್ನಿಸುತ್ತದೆ. ಇದು ಬಹುತೇಕ ಎಲ್ಲರೂ ಮಾಡಿಕೊಳ್ಳುವ ತಪ್ಪು. "ಒಂದೇ ಕಣ್ಣಿನಲ್ಲಿ" ಎಂದು ನೀವು ಹೇಳಿದ ತಕ್ಷಣ ಡಾಕ್ಟರು ಕಣ್ಣಿನ ಒಳಪರದೆಯಾದ ರೆಟಿನಾ, ಕತ್ತಿನ ರಕ್ತನಾಳ ಎಂದು ಒಂದು ದಾರಿ ಹಿಡಿಯುತ್ತಾರೆ. "ಎರಡೂ ಕಣ್ಣಿನಲ್ಲಿ, ಒಂದೇ ಪಕ್ಕ" ಎಂದರೆ ದಾರಿಯೇ ಬೇರೆ. ನನ್ನ ಆ ಒಂದು ತಪ್ಪು ಮಾತಿನಿಂದ ಮೂರು ವಾರ ಹಾಳಾಯಿತು.

ಚಿತ್ರ ಬರೆಯುವ ಕ್ರಮ

ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನನ್ನ ವಿಷಯದಲ್ಲಿ ಬೀಗ ತೆರೆದ ಕೀಲಿಕೈ ಇದೇ.

ಒಂದು ಬಿಳಿ ಹಾಳೆಯ ನಟ್ಟನಡುವೆ ಚುಕ್ಕೆ ಇಟ್ಟು, ಅಂಥ ನಾಲ್ಕಾರು ಹಾಳೆಗಳನ್ನು ಪೆನ್ನಿನ ಜೊತೆ ಕೈಗೆ ಸಿಗುವ ಕಡೆ ಮೊದಲೇ ಇಟ್ಟುಕೊಳ್ಳಿ. ಮಿಣುಕು ಶುರುವಾದಾಗ ಹಾಳೆಯನ್ನು ಮೇಜಿನ ಮೇಲಿಟ್ಟು, ಪ್ರತಿ ಸಲವೂ ಅಷ್ಟೇ ದೂರದಲ್ಲಿ ಕೂತು, ನೋಟವನ್ನು ಆ ಚುಕ್ಕೆಯ ಮೇಲೆ ನೆಡಿ. ಮಿಣುಕು ಇರುವ ಜಾಗದ ಕಡೆಗೆ ಕಣ್ಣು ತಾನಾಗಿ ಜಾರುತ್ತದೆ. ಜಾರಲು ಬಿಡಬೇಡಿ. ಚುಕ್ಕೆಯನ್ನೇ ನೋಡುತ್ತಾ, ಹೊಳೆಯುವ ಅಂಚು ಎಲ್ಲಿದೆಯೋ ಅಲ್ಲಿ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ-ನಿಮಿಷ ಬರೆಯಿರಿ. ನಾಲ್ಕೈದು ನಿಮಿಷ ಬಿಟ್ಟು ಮತ್ತೆ ಎಳೆಯಿರಿ. ಕಾಣದ ಜಾಗವನ್ನು ಓರೆ ಗೆರೆಗಳಿಂದ ತುಂಬಿ. ಗೆರೆ ಚೆನ್ನಾಗಿ ಬರಬೇಕೆಂದಿಲ್ಲ.

ನನ್ನ ನಾಲ್ಕನೆಯ ಸಲದ ಹಾಳೆ ಈಗಲೂ ಫೈಲಿನಲ್ಲಿದೆ. 9.42ಕ್ಕೆ ಚುಕ್ಕೆಯ ಬಲಕ್ಕೆ ಒಂದು ಅಕ್ಷರದಷ್ಟು ಅಗಲದ ಕಲೆ. 9.47ಕ್ಕೆ ಅದು ಬಾಯಿ ತೆರೆದ ಸಣ್ಣ ಬಳೆಯ ತುಂಡು. 9.55ಕ್ಕೆ ಅಂಗೈಯಷ್ಟು ದೊಡ್ಡ ಕಮಾನು, ಹೊರ ಅಂಚಿನಲ್ಲಿ ಹಲ್ಲುಗಳು ಎದ್ದು ಕಾಣುವಂತಿವೆ, ಒಳಗಡೆ ಅಕ್ಷರ ಮತ್ತೆ ಕಾಣತೊಡಗಿದೆ. 10.03ಕ್ಕೆ ಗೆರೆ ಹಾಳೆಯ ಅಂಚು ದಾಟಿದೆ. 10.06ಕ್ಕೆ ‘ಹೋಯಿತು’ ಎಂದು ಬರೆದಿದ್ದೇನೆ. ಒಟ್ಟು 24 ನಿಮಿಷ. ಅದರ ಕೆಳಗೆ ಬೇರೆ ಶಾಯಿಯಲ್ಲಿ ‘10.30, ಎಡ ಹಣೆ ಭಾರ, ವಾಕರಿಕೆ ಇಲ್ಲ’.

ಹೃದಯದ ಡಾಕ್ಟರು ಕಳಿಸಿದ ನರರೋಗ ತಜ್ಞರು ಈ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನು ಮೊದಲೇ ಯಾಕಮ್ಮ ತರಲಿಲ್ಲ?" ಅಂದರು. ಮೈಗ್ರೇನಿನ ಆರಾ ಎಂದರು. ತಲೆನೋವಿಗೆ ಮುಂಚೆ, ಎಷ್ಟೋ ಸಲ ತಲೆನೋವು ಇಲ್ಲದೆಯೂ, ಬರುವ ನೋಟದ ಆಟ ಅದು. ನಿಧಾನವಾಗಿ ಶುರುವಾಗಿ, ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು ಹರಡಿ, ಐದರಿಂದ ಅರವತ್ತು ನಿಮಿಷದೊಳಗೆ ಮುಗಿಯುವುದು ಅದರ ಲಕ್ಷಣ. ಹೊಳಪು, ಮಿಣುಕು, ಗೆರೆ ಹೀಗೆ ಇದರಲ್ಲಿ ಇಲ್ಲದೇ ಇರುವುದು ‘ಕಾಣುತ್ತದೆ’. ಹೆಪ್ಪಿನ ತೊಂದರೆಯಲ್ಲಿ ಸಾಮಾನ್ಯವಾಗಿ ಇದ್ದದ್ದು ‘ಕಾಣದೇ ಹೋಗುತ್ತದೆ’, ಅದೂ ಒಂದೇ ಏಟಿಗೆ. ಈ ವ್ಯತ್ಯಾಸ ಎಲ್ಲರಲ್ಲೂ ಅಚ್ಚುಕಟ್ಟಾಗಿ ಇರುವುದಿಲ್ಲ. ಅದಕ್ಕೇ ತೀರ್ಮಾನ ನಮ್ಮದಲ್ಲ, ಚಿತ್ರ ಮಾತ್ರ ನಮ್ಮದು.

ಇಂಥ ಚಿತ್ರಕ್ಕೆ ದೊಡ್ಡ ಪರಂಪರೆಯೇ ಇದೆ ಎಂದು ಆಮೇಲೆ ತಿಳಿಯಿತು. ಹ್ಯೂಬರ್ಟ್ ಏರಿ ಎಂಬ ಇಂಗ್ಲಿಷ್ ವೈದ್ಯ 1870ರಲ್ಲಿ ತನಗೇ ಬರುತ್ತಿದ್ದ ಕೋಟೆಗೋಡೆಯಂಥ ಅಂಕುಡೊಂಕನ್ನು ಹಂತ ಹಂತವಾಗಿ ಬಣ್ಣದಲ್ಲಿ ಬರೆದು ಪ್ರಕಟಿಸಿದ. 1941ರಲ್ಲಿ ಕಾರ್ಲ್ ಲ್ಯಾಶ್ಲಿ ಎಂಬ ಮನೋವಿಜ್ಞಾನಿ ಹೀಗೇ ಒಂದು ಬಿಂದುವನ್ನು ದಿಟ್ಟಿಸುತ್ತಾ ತನ್ನ ಮಿಣುಕನ್ನು ಹಾಳೆಯ ಮೇಲೆ ಗುರುತು ಹಾಕಿಕೊಂಡು, ಮಿದುಳಿನ ಮೇಲೆ ಏನೋ ಒಂದು ಅಲೆ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಹರಿಯುತ್ತಿರಬೇಕು ಎಂದು ಲೆಕ್ಕ ಹಾಕಿದ. ಮೂರು ವರ್ಷಕ್ಕೆ, 1944ರಲ್ಲಿ, ಬ್ರೆಜಿಲ್‌ನ ಲಿಯಾವೊ ಎಂಬ ವಿಜ್ಞಾನಿ ಮೊಲಗಳ ಮಿದುಳಿನಲ್ಲಿ ಅಂಥದ್ದೇ ನಿಧಾನದ ಅಲೆಯನ್ನು ಕಂಡ. ಬರೀ ಪೆನ್ನು, ಕಾಗದ, ಗಡಿಯಾರ ಹಿಡಿದು ಕೂತವನ ಲೆಕ್ಕ ಸರಿಯಾಗಿತ್ತು. ನನ್ನ 24 ನಿಮಿಷದ ಹಾಳೆಯನ್ನು ಡಾಕ್ಟರು ಅಷ್ಟು ಗಂಭೀರವಾಗಿ ನೋಡಿದ್ದು ಯಾಕೆಂದು ಆಗ ಅರ್ಥವಾಯಿತು.

ಮಕ್ಕಳಿಗೂ ಇದೇ ದಾರಿ. ತೂತು ಮುಚ್ಚಿಸಿಕೊಂಡ ಮಗು "ಕಣ್ಣಲ್ಲಿ ಏನೋ ಆಗ್ತಿದೆ" ಎಂದರೆ ಪ್ರಶ್ನೆಗಳ ಮಳೆ ಸುರಿಸುವ ಬದಲು ಬಣ್ಣದ ಪೆನ್ಸಿಲ್ ಕೊಟ್ಟು "ಬರೆದು ತೋರಿಸು ಪುಟ್ಟಾ" ಅನ್ನಿ. ನೀವು ಗಡಿಯಾರ ನೋಡಿಕೊಳ್ಳಿ.

ತೂತು ಮುಚ್ಚಿದ ಮೇಲೆ ಇದು ಬರುವುದೇಕೆ?

ನನಗೆ ಮುಂಚೆ ಮೈಗ್ರೇನ್ ಇರಲಿಲ್ಲ. ತೂತು ಇದ್ದಾಗ ಇಲ್ಲದ್ದು ಮುಚ್ಚಿದ ಮೇಲೆ ಬಂತಲ್ಲ ಎಂಬ ಸಂಕಟ ನನ್ನನ್ನು ತುಂಬ ಕಾಡಿತು. ಚಿಕಿತ್ಸೆಯಲ್ಲೇ ಎಡವಟ್ಟಾಗಿದೆ, ಸಾಧನ ಜರುಗಿದೆ ಎಂದೆಲ್ಲ ರಾತ್ರಿಯಿಡೀ ಯೋಚಿಸಿದ್ದೇನೆ. ನಿಮಗೂ ಹಾಗೆ ಅನ್ನಿಸುತ್ತಿದ್ದರೆ ಕೇಳಿ: ಎಎಸ್‌ಡಿಯನ್ನು (ಅಂದರೆ ನನ್ನ ಹೃದಯದಲ್ಲಿದ್ದಂಥ ತೂತನ್ನು) ಸಾಧನದಿಂದ ಮುಚ್ಚಿಸಿಕೊಂಡವರಲ್ಲಿ ಒಂದಷ್ಟು ಜನರಿಗೆ ಮೊದಲ ವಾರಗಳಲ್ಲಿ ಹೊಸದಾಗಿ ಮೈಗ್ರೇನ್ ಕಾಣಿಸಿಕೊಳ್ಳುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಬಹಳ ಜನರಲ್ಲಿ ತಿಂಗಳುಗಳು ಕಳೆದಂತೆ ಅದು ಕಡಿಮೆಯಾಗುತ್ತದೆ.

ಕಾರಣದ ಬಗ್ಗೆ ತಜ್ಞರಲ್ಲಿ ಒಂದೇ ಅಭಿಪ್ರಾಯವಿಲ್ಲ. ಹೊಸ ಲೋಹದ ಮೇಲೆ ರಕ್ತದ ಪ್ಲೇಟ್‌ಲೆಟ್‌ಗಳು ಅಂಟಿಕೊಂಡು, ಕಣ್ಣಿಗೆ ಕಾಣದಷ್ಟು ಸಣ್ಣ ಗುಂಪುಗಳಾಗಿ, ಮಿದುಳಿನ ಆ ಅಲೆಯನ್ನು ಕೆರಳಿಸುತ್ತವೆ ಎಂಬುದು ಒಂದು ವಾದ. ಇದಕ್ಕೆ ಬಲ ಕೊಟ್ಟದ್ದು ಕೆನಡಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಕ್ಯಾನೋವಾ ಅಧ್ಯಯನ. ಎಎಸ್‌ಡಿ ಮುಚ್ಚಿಸಿಕೊಂಡ, ಮುಂಚೆ ಮೈಗ್ರೇನ್ ಇಲ್ಲದ 171 ಜನರಲ್ಲಿ ಅರ್ಧದಷ್ಟು ಜನಕ್ಕೆ ಬರೀ ಆಸ್ಪಿರಿನ್, ಉಳಿದವರಿಗೆ ಆಸ್ಪಿರಿನ್ ಜೊತೆ, ಪ್ಲೇಟ್‌ಲೆಟ್ ಅಂಟಿಕೊಳ್ಳುವುದನ್ನು ತಡೆಯುವ ಕ್ಲೊಪಿಡೊಗ್ರೆಲ್ ಮಾತ್ರೆ ಕೊಟ್ಟು ಮೂರು ತಿಂಗಳು ನೋಡಿದರು. ಆಸ್ಪಿರಿನ್ ಒಂದನ್ನೇ ತೆಗೆದುಕೊಂಡವರಲ್ಲಿ ಶೇಕಡಾ 21.8 ಜನರಿಗೆ ಮೈಗ್ರೇನ್ ಬಂದರೆ, ಎರಡನ್ನೂ ತೆಗೆದುಕೊಂಡವರಲ್ಲಿ ಶೇಕಡಾ 9.5 ಜನರಿಗೆ ಬಂತು. ಇನ್ನೊಂದು ವಾದ ನಿಕಲ್‌ನದು. ಈ ಸಾಧನಗಳಲ್ಲಿ ಬಹಳಷ್ಟು ನಿಟಿನಾಲ್ ಎಂಬ ಮಿಶ್ರಲೋಹದ ತಂತಿಯಿಂದ ಹೆಣೆದವು. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನಿಕಲ್. ಅಗ್ಗದ ಓಲೆ ಹಾಕಿದರೆ ಕಿವಿ ಕೆರೆಯುವುದು, ಬೆಲ್ಟಿನ ಕೊಕ್ಕೆ ತಗಲುವ ಕಡೆ ಚರ್ಮ ಕೆಂಪಾಗುವುದು ನಿಮಗಿದ್ದರೆ ಅದನ್ನು ಚಿಕಿತ್ಸೆಗೆ ಮುಂಚೆಯೇ ಹೇಳಬೇಕು. ಹೇಳದಿದ್ದರೆ ಈಗಲಾದರೂ ಹೇಳಿ.

ನನಗೆ ಏನಾಯಿತು ಎಂದರೆ, ಮೊದಲು ಎಕೋ ಮಾಡಿ, ಆಮೇಲೆ ಗಂಟಲಿನ ಮೂಲಕ ಮಾಡುವ ಟಿಇಇ ಎಕೋವನ್ನೂ ಮಾಡಿ, ಸಾಧನದ ಮೇಲೆ ಹೆಪ್ಪಿಲ್ಲ, ಅದು ಜರುಗಿಲ್ಲ ಎಂದು ಖಚಿತಪಡಿಸಿಕೊಂಡರು. ಉಪ್ಪುನೀರಿನ ಗುಳ್ಳೆಗಳನ್ನು ಕೈಯ ರಕ್ತನಾಳಕ್ಕೆ ಬಿಟ್ಟು ಅವು ಎಡಗಡೆಗೆ ದಾಟುತ್ತವೆಯೇ ಎಂದು ನೋಡುವ ಬಬಲ್ ಟೆಸ್ಟ್‌ನಲ್ಲಿ ಸೋರಿಕೆ ಇಲ್ಲವೆಂದಾಯಿತು. ಮಿದುಳಿನ ಎಂಆರ್‌ಐ ಸ್ವಚ್ಛವಾಗಿತ್ತು. ಆಮೇಲೆ ಮೂರು ತಿಂಗಳಿಗೆಂದು ಕ್ಲೊಪಿಡೊಗ್ರೆಲ್ ಸೇರಿಸಿದರು. ನನಗೆ ಅದರಿಂದ ಕಡಿಮೆಯಾಯಿತೋ, ತಾನಾಗಿ ಕಡಿಮೆಯಾಯಿತೋ, ವಾರಕ್ಕೊಂದು ಬರುತ್ತಿದ್ದದ್ದು ತಿಂಗಳಿಗೊಂದಾಗಿ, ಎಂಟನೆಯ ತಿಂಗಳ ನಂತರ ಬಂದಿಲ್ಲ. ಆ ಮಾತ್ರೆಯನ್ನು ನೀವಾಗಿ ಸೇರಿಸಿಕೊಳ್ಳಬೇಡಿ, ನೀವಾಗಿ ಬಿಡಲೂಬೇಡಿ. ಎರಡು ಮಾತ್ರೆ ಸೇರಿದಾಗ ರಕ್ತಸ್ರಾವದ ಅಪಾಯ ಹೆಚ್ಚು. ವಸಡಿನಿಂದ ರಕ್ತ, ಕಪ್ಪು ಮಲ ಕಂಡರೆ ಹೇಳಲೇಬೇಕು.

ಪಿಎಫ್‌ಓ ಎನ್ನುವ, ಅದೇ ಎರಡು ಕೋಣೆಗಳ ನಡುವೆ ಹುಟ್ಟಿದ ಮೇಲೂ ಮುಚ್ಚದೆ ಉಳಿದ ಸಣ್ಣ ಕಿಂಡಿಯನ್ನು ಮುಚ್ಚಿಸಿಕೊಂಡರೆ ಹಳೆಯ ಮೈಗ್ರೇನ್ ವಾಸಿಯಾಗುತ್ತದೆ ಎಂದು ಆಸೆ ಹುಟ್ಟಿಸುವವರಿದ್ದಾರೆ. ಕೆಲವರಿಗೆ ಕಡಿಮೆಯಾಗಿದೆ ನಿಜ. ಆದರೆ 2008ರಲ್ಲಿ ಪ್ರಕಟವಾದ ಮಿಸ್ಟ್ ಅಧ್ಯಯನ ಮೈಗ್ರೇನ್ ನಿಲ್ಲಿಸುವ ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲ. ಬರೀ ಅದೊಂದಕ್ಕಾಗಿ ಹೃದಯಕ್ಕೆ ಕೈಹಾಕಿಸುವ ಮುನ್ನ ಎರಡನೆಯ ಅಭಿಪ್ರಾಯ ಪಡೆಯುವುದು ಮೇಲು.

ಮಿಣುಕೆಲ್ಲ ಮೈಗ್ರೇನಲ್ಲ

ನನ್ನ ಜೊತೆ ಫಾಲೋಅಪ್‌ಗೆ ಬರುತ್ತಿದ್ದವರ ಮಾತು ಕೇಳಿದಾಗ, ಎಲ್ಲರ ಕಣ್ಣಿನ ತೊಂದರೆಯೂ ಒಂದೇ ಅಲ್ಲ ಎಂದು ಗೊತ್ತಾಗುತ್ತಿತ್ತು. ಮಾತ್ರೆಗಳ ಕಡೆಗೆ ಮೊದಲು ನೋಡಿ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಪ್ರಮಾಣ ಮೀರಿದಾಗ ಎಲ್ಲವೂ ಹಳದಿ ಅಥವಾ ಹಸಿರು ಛಾಯೆಯಲ್ಲಿ ಕಾಣಬಹುದು. ಅದರ ಜೊತೆ ವಾಕರಿಕೆ, ಹಸಿವಿಲ್ಲದಿರುವುದು, ನಾಡಿ ನಿಧಾನವಾಗುವುದು ಇದ್ದರೆ ಅವತ್ತೇ ಫೋನ್ ಮಾಡಿ. ಹೃದಯದ ಬಡಿತ ತಗ್ಗಿಸುವ ಐವಬ್ರಾಡಿನ್ ರೆಟಿನಾದ ಮೇಲೂ ಕೆಲಸ ಮಾಡುವುದರಿಂದ, ಕತ್ತಲಿಂದ ಬೆಳಕಿಗೆ ಬಂದಾಗ ನೋಟದ ಒಂದು ಭಾಗ ಕ್ಷಣಕಾಲ ಫಳಕ್ಕೆಂದು ಬೆಳಗುತ್ತದೆ. ಹೆಚ್ಚಾಗಿ ಮೊದಲ ಎರಡು ತಿಂಗಳಲ್ಲಿ ಶುರುವಾಗುವ ಇದು ನಿರುಪದ್ರವಿ, ಆದರೂ ರಾತ್ರಿ ವಾಹನ ಓಡಿಸುವವರಿಗೆ ಕಷ್ಟ. ಬಡಿತದ ಲಯ ಸರಿಪಡಿಸುವ ಅಮಿಯೊಡರೋನ್ ಬಹುಕಾಲ ತೆಗೆದುಕೊಂಡವರಿಗೆ ದೀಪದ ಸುತ್ತ ಬಣ್ಣದ ಉಂಗುರ ಕಾಣಬಹುದು. ಶ್ವಾಸಕೋಶದ ರಕ್ತದೊತ್ತಡಕ್ಕೆ ಕೊಡುವ ಸಿಲ್ಡೆನಾಫಿಲ್‌ನಿಂದ ಎಲ್ಲವೂ ಸ್ವಲ್ಪ ನೀಲಿಯಾಗಿ ಕಾಣುವುದುಂಟು.

ಒಂದೇ ಕಣ್ಣಿನ ಅಂಚಿನಲ್ಲಿ ಮಿಂಚು, ಜೊತೆಗೆ ಒಮ್ಮೆಲೇ ಕಪ್ಪು ಚುಕ್ಕೆಗಳ ಸುರಿಮಳೆ, ಪಕ್ಕದಿಂದ ನೆರಳು ಕವಿಯುವುದು ಇದ್ದರೆ ಹೃದಯದವರ ಬಳಿ ಅಲ್ಲ, ಕಣ್ಣಿನವರ ಬಳಿ ಅದೇ ದಿನ ಹೋಗಬೇಕು. ರೆಟಿನಾ ಹರಿದಿರಬಹುದು. ಹನಿ ಹಾಕಿ ಪಾಪೆ ಹಿಗ್ಗಿಸಿ ನೋಡದೆ ಅದು ಗೊತ್ತಾಗುವುದಿಲ್ಲ. ಎದ್ದು ನಿಂತಾಗ ಎರಡೂ ಕಣ್ಣು ಮಂಜಾಗಿ ಕೂತರೆ ಸರಿಹೋಗುವುದು ಬಹುಶಃ ಬಿಪಿ ಇಳಿದದ್ದು. ಕೂತಾಗ ಒಮ್ಮೆ, ನಿಂತಾಗ ಒಮ್ಮೆ ಬಿಪಿ ನೋಡಿಸಿ ಬರೆದಿಟ್ಟುಕೊಳ್ಳಿ.

ಜ್ವರವಿದ್ದು ಕಣ್ಣಲ್ಲಿ ಕಲೆ ಕಂಡರೆ ಅದನ್ನು ಬೇರೆಯಾಗಿಯೇ ನೋಡಬೇಕು. ಹೃದಯದ ಒಳಪದರಕ್ಕೆ ಸೋಂಕು ತಗಲಿದರೆ ರೆಟಿನಾದಲ್ಲಿ ಸಣ್ಣ ರಕ್ತದ ಕಲೆಗಳಾಗುತ್ತವೆ. ಪರಿಚಯದ ಅಂಗಡಿಯಿಂದ ಆಂಟಿಬಯೊಟಿಕ್ ತಂದು ನುಂಗಬೇಡಿ. ಮೊದಲು ರಕ್ತ ತೆಗೆದು, ಯಾವ ರೋಗಾಣು ಎಂದು ತಿಳಿಯಲು ಕಲ್ಚರ್‌ಗೆ ಕಳಿಸಬೇಕು, ಮಾತ್ರೆ ಆಮೇಲೆ. ಸಾಧನ ಕೂರಿಸಿದ ಮೊದಲ ಆರು ತಿಂಗಳು ಹಲ್ಲು ಕೀಳಿಸುವ ಮುನ್ನ ಆಂಟಿಬಯೊಟಿಕ್ ಕೊಡುವುದೂ ಈ ಸೋಂಕನ್ನು ತಡೆಯುವುದಕ್ಕೇ.

ಎದೆ ತೆರೆದು ಹೊಲಿಸಿಕೊಂಡವರ ಕಥೆ ಇನ್ನೊಂದು ಬಗೆ. ಜಾನ್ ಗಿಬ್ಬನ್ 1953ರ ಮೇ 6ರಂದು ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ 18 ವರ್ಷದ ಯುವತಿಯ ಇದೇ ತೂತನ್ನು ಹೊಲಿದ ದಿನದಿಂದ ಆ ಯಂತ್ರ ಎಷ್ಟೋ ಸುಧಾರಿಸಿದೆ. ಆದರೂ ಯಂತ್ರದ ಮೇಲೆ ಇದ್ದಾಗ ರಕ್ತದೊತ್ತಡ ಇಳಿದು, ಇಲ್ಲವೇ ರಕ್ತ ಕಡಿಮೆಯಾಗಿ, ಕಣ್ಣಿನ ನರಕ್ಕೆ ಪೆಟ್ಟು ಬೀಳುವುದು ಅಪರೂಪಕ್ಕೆ ಆಗುತ್ತದೆ. ನೋವಿಲ್ಲದೆ ನೋಟ ಹೋಗಿರುತ್ತದೆ. ಐಸಿಯುನಲ್ಲಿ ಎಚ್ಚರವಾದವರು ಅದನ್ನು ಮಂಪರು ಎಂದುಕೊಂಡು ಸುಮ್ಮನಿರುತ್ತಾರೆ. ಎಚ್ಚರವಾದ ಮೇಲೆ ಎದುರಿನ ಗಡಿಯಾರ ಓದಿ ನೋಡಿ, ಒಂದೊಂದೇ ಕಣ್ಣಿನಿಂದ. ಓದಲಾಗದಿದ್ದರೆ ಕೂಡಲೇ ನರ್ಸ್‌ಗೆ ಹೇಳಿ. ಮೊದಲ ದಿನಗಳಲ್ಲಿ ಗೋಡೆಯ ಮೇಲೆ ಹುಳ ಹರಿದಂತೆ, ಇಲ್ಲದವರು ನಿಂತಂತೆ ಕಾಣುವುದೂ ಇದೆ. ಔಷಧಿ, ನಿದ್ದೆಗೇಡು ಸೇರಿ ಮಿದುಳು ಗಲಿಬಿಲಿಯಾಗಿರುತ್ತದೆ. ನಾಚಿಕೆಪಟ್ಟು ಮುಚ್ಚಿಡಬೇಡಿ.

ತಲೆನೋವಿಗೆ ಏನು ತೆಗೆದುಕೊಳ್ಳಬೇಕು, ಯಾವುದು ಬೇಡ

ಪ್ಯಾರಾಸಿಟಮಾಲ್ ಸಾಕಾದರೆ ಅದೇ ಒಳ್ಳೆಯದು. ಐಬುಪ್ರೊಫೇನ್ ಆಸ್ಪಿರಿನ್‌ನ ಕೆಲಸಕ್ಕೆ ಅಡ್ಡ ಬರಬಹುದು, ರಕ್ತಸ್ರಾವವನ್ನೂ ಹೆಚ್ಚಿಸಬಹುದು, ಹಾಗಾಗಿ ಕೇಳದೆ ಬೇಡ. ಮೈಗ್ರೇನಿಗೆಂದೇ ಇರುವ ಟ್ರಿಪ್ಟಾನ್ ಮಾತ್ರೆಗಳು ರಕ್ತನಾಳವನ್ನು ಕುಗ್ಗಿಸುತ್ತವೆ. ಹೃದಯದ ರಕ್ತನಾಳದ ಕಾಯಿಲೆ ಇದ್ದವರಿಗೂ, ಲಕ್ವ ಆಗಿದ್ದವರಿಗೂ ಅವು ಸಲ್ಲವು. ಉಳಿದವರೂ ಹೃದಯದ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಹೆಣ್ಣುಮಕ್ಕಳಿಗೆ ವಿಶೇಷವಾಗಿ ಒಂದು ಮಾತು, ನನಗೆ ಯಾರೂ ತಾವಾಗಿ ಹೇಳದೇ ಇದ್ದದ್ದು. ಆರಾ ಇರುವ ಮೈಗ್ರೇನ್ ಬಂದರೆ ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ಬೇಡ. ಆರಾ ಒಂದರಿಂದಲೇ ಲಕ್ವದ ಅಪಾಯ ಸ್ವಲ್ಪ ಹೆಚ್ಚು, ಈ ಮಾತ್ರೆ ಅದನ್ನು ಇನ್ನೂ ಏರಿಸುತ್ತದೆ, ಸಿಗರೇಟು ಸೇರಿದರೆ ಮತ್ತಷ್ಟು. ಮುಟ್ಟು ಸರಿಪಡಿಸಲೆಂದು ಕೊಡುವ ಕೆಲವು ಮಾತ್ರೆಗಳಲ್ಲೂ ಈಸ್ಟ್ರೊಜೆನ್ ಇರುತ್ತದೆ. ಬೇರೆ ಬಗೆಯವು ಬೇಕಾದಷ್ಟಿವೆ. ಸ್ತ್ರೀರೋಗ ತಜ್ಞರಿಗೆ "ನನಗೆ ಕಣ್ಣಿನ ಆರಾ ಬರುತ್ತದೆ" ಎಂದು ಬಾಯಿಬಿಟ್ಟು ಹೇಳಿ.

ಫೋನಿನಲ್ಲಿ ಹೇಳುವುದು ಹೇಗೆ

ಆ ಮೊದಲ ರಾತ್ರಿ ನಾನು ಹೇಳಿದ್ದು "ಕಣ್ಣಿಗೆ ಏನೋ ಮಿಂಚಿದ ಹಾಗಾಗ್ತಿದೆ, ಭಯ ಆಗ್ತಿದೆ" ಎಂದು. ಭಯ ಎಂಬ ಪದ ಕಿವಿಗೆ ಬಿದ್ದ ಮೇಲೆ ಆ ಕಡೆಯವರು ಬೇರೇನನ್ನೂ ಕೇಳಿಸಿಕೊಳ್ಳಲಿಲ್ಲ. ಈಗ ನನ್ನ ಫೋನಿನ ಕವಚದೊಳಗೆ ಮಡಚಿದ ಚೀಟಿಯೊಂದಿದೆ, ಅಕ್ಕನ ಪರ್ಸಿನಲ್ಲಿ ಅದರದೇ ಇನ್ನೊಂದು ಪ್ರತಿ. ನಿಮ್ಮ ವಿವರ ತುಂಬಿ ನೀವೂ ಬರೆದಿಟ್ಟುಕೊಳ್ಳಿ:

"ನನಗೆ ಇಂಥ ತಾರೀಖು ಎಎಸ್‌ಡಿ ಡಿವೈಸ್ ಕ್ಲೋಷರ್ ಆಗಿದೆ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ಇವು. ಇವತ್ತು ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ನೋಟದ ಬಲಭಾಗದಲ್ಲಿ ಮಿಣುಕು ಶುರುವಾಯಿತು, ಒಂದೊಂದು ಕಣ್ಣು ಮುಚ್ಚಿ ನೋಡಿದೆ, ಎರಡರಲ್ಲೂ ಇದೆ. ಮಾತು ಸರಿ ಇದೆ, ಕೈಕಾಲು ಸರಿ ಇದೆ. ನಾನು ಹೃದಯದ ಡಾಕ್ಟರ ಜೊತೆ ಈಗಲೇ ಮಾತಾಡಬೇಕು."